ಆನ್ ಆಗ್ತಾ ಇಲ್ಲ ಮಾರಾಯ್ರೆ!

ಮಿಕ್ಸಿ ಕೆಟ್ಟರೆ ಚಟ್ನಿ ಒರಳಿಗೆ ಹೋಗುತ್ತದೆ. ಟೀವಿ ಕೆಟ್ಟರೆ ಮನೆಮಂದಿಯೆಲ್ಲ ಒಂದು ವಾರ ಪರಸ್ಪರ ಮುಖ ನೋಡಿಕೊಂಡು ಹೇಗೋ ಕಾಲ ತಳ್ಳುತ್ತಾರೆ. ತೋಟದ ಪಂಪ್‌ಸೆಟ್ಟು ಸುಟ್ಟು ಕರಕಲಾದರೂ ಯಜಮಾನರು ಉಂಡು, ಕವಳ ಹಾಕಿ, ಒಂದು ಕೋಳಿನಿದ್ದೆ ತೆಗೆದು ಆಮೇಲೆ ಮೆಕ್ಯಾನಿಕ್ಕನ್ನು ಹುಡುಕಲು ಹೊರಡುತ್ತಾರೆ. ಆದರೆ ಮೊಬೈಲು ಆನ್ ಆಗುತ್ತಿಲ್ಲ ಅಂತ ಒಬ್ಬರು ಅಂದರೆ ಮುಗಿಯಿತು. ಒಲೆಯ ಮೇಲೆ ಹಾಲು ಉಕ್ಕುತ್ತದೆ, ಅಡಿಕೆ ಸುಲಿಯುತ್ತಿದ್ದವರು ಕತ್ತಿ ಕೆಳಗಿಟ್ಟು ಎದ್ದು ಬರುತ್ತಾರೆ, ದಾರಿಯಲ್ಲಿ ಹೋಗುತ್ತಿದ್ದವರು ದಣಪೆ ದಾಟಿ ಒಳಗೆ ಬಂದು “ಎಂತ ಆಯ್ತಾ?” ಅನ್ನುತ್ತಾರೆ.

ಬಾರದೆ ಇನ್ನೇನು ಮಾಡಿಯಾರು? ದುಡ್ಡು ಅದರೊಳಗೆ, ಗ್ಯಾಸ್ ಬುಕಿಂಗ್ ಅದರೊಳಗೆ, ಮದುವೆ ಮನೆಯ ಲೊಕೇಶನ್ನೂ ಅದರೊಳಗೆ. 2016ರಲ್ಲಿ ಯುಪಿಐ ಬಂದ ಮೇಲೆ ಅಂಗಿಯ ಜೇಬಿನಲ್ಲಿ ನೋಟು ಇಟ್ಟುಕೊಳ್ಳುವುದು ನಮ್ಮ ಮಲೆನಾಡಿನ ಹಳ್ಳಿಗಳಲ್ಲೂ ಮುದುಕರ ಚಾಳಿ ಅನ್ನಿಸಿಕೊಂಡಿದೆ. ಬೇರೆಯವರ ಫೋನಿನಿಂದ ಬ್ಯಾಂಕಿನ ಖಾತೆಗೆ ಹೋಗೋಣವೆಂದರೆ ಬ್ಯಾಂಕು ಒಟಿಪಿ ಕಳಿಸುವುದು ಯಾವ ಫೋನಿಗೆ? ಆನ್ ಆಗದೆ ಮಲಗಿರುವ ಅದೇ ಫೋನಿಗೆ. ಹೋಗಲಿ, ಹೆಂಡತಿಗೆ ಒಂದು ಮಾತು ಹೇಳೋಣವೆಂದರೆ ಆಕೆಯ ನಂಬರು ಎಷ್ಟು? ಈಗಲೇ ಹೇಳಿ ನೋಡುವ. ಒಂಬತ್ತು, ನಾಲ್ಕು, ನಾಲ್ಕು, ಆಮೇಲೆ ಎಂಟೋ ಏನೋ ಬರುತ್ತದೆ, ಅಲ್ಲವೇ? ಇಪ್ಪತ್ತು ವರ್ಷ ಸಂಸಾರ ಮಾಡಿದ್ದೀರಿ ಸ್ವಾಮಿ! ಲ್ಯಾಂಡ್‌ಲೈನ್ ಕಾಲದಲ್ಲಿ ಊರಿನ ಅಷ್ಟೂ ಮನೆಗಳ ನಂಬರು, ಅಡಿಕೆ ಮಂಡಿಯದ್ದು, ಡಾಕ್ಟರದ್ದು ಎಲ್ಲ ನಿಮ್ಮ ನಾಲಿಗೆ ತುದಿಯಲ್ಲಿದ್ದವು.

ಬಂದವರು ಸುಮ್ಮನೆ ಬರುವುದಿಲ್ಲ, ಒಬ್ಬೊಬ್ಬರೂ ಒಂದೊಂದು ಉಪಾಯ ಹಿಡಿದು ಬರುತ್ತಾರೆ. ದೊಡ್ಡಪ್ಪನದು ಎಂದೆಂದಿಗೂ ಒಂದೇ: “ಬ್ಯಾಟರಿ ತೆಗೆದು ಹಾಕಾ.” ಪಾಪ, ಅವರು ನೋಕಿಯಾ ಕಾಲದವರು. ಆಗ ಬೆನ್ನಿನ ಮುಚ್ಚಳ ತೆಗೆದು, ಬ್ಯಾಟರಿ ಎತ್ತಿ, ಪಂಚೆಯ ತುದಿಗೆ ನಾಲ್ಕು ಸಲ ತಿಕ್ಕಿ ಮತ್ತೆ ಕೂರಿಸಿದರೆ ಫೋನು ಕಣ್ಣು ಬಿಡುತ್ತಿತ್ತು. ಅದು ಮೂಢನಂಬಿಕೆಯೇನೂ ಅಲ್ಲ. ತಿಕ್ಕಿದ್ದರಿಂದ ಹಿತ್ತಾಳೆ ಬಣ್ಣದ ಆ ತಗಡುಗಳ ಕೊಳೆ ಹೋಗುತ್ತಿತ್ತು, ತೆಗೆದು ಹಾಕಿದ್ದರಿಂದ ಹ್ಯಾಂಗ್ ಆಗಿದ್ದ ಫೋನಿಗೆ ಕರೆಂಟು ಪೂರ್ತಿ ತಪ್ಪಿ ಹೊಸದಾಗಿ ಶುರುವಾಗುತ್ತಿತ್ತು. 2007ರ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳಲ್ಲಿ 4 ಕೋಟಿ 60 ಲಕ್ಷ ಬಿಸಿಯಾಗಬಹುದು, ಬದಲಾಯಿಸಿಕೊಡುತ್ತೇವೆ ಎಂದು ಸಾರಿದಾಗ ದೇಶವೇ ಬ್ಯಾಟರಿ ತೆಗೆದು ಅದರ ಬೆನ್ನಿನ ನಂಬರು ಓದುತ್ತ ಕೂತಿತ್ತು. ಬ್ಯಾಟರಿಗೂ ನಮಗೂ ಅಷ್ಟು ಸಲಿಗೆ ಇತ್ತು. ಈಗಿನ ಫೋನಿನ ಬೆನ್ನನ್ನು ಗೋಂದು ಹಾಕಿ ಅಂಟಿಸಿರುತ್ತಾರೆ. ದೊಡ್ಡಪ್ಪ ಉಗುರಿನಲ್ಲಿ ಸಂದು ಹುಡುಕುತ್ತಾರೆ, ಸಿಗದಿದ್ದಾಗ “ಇದಕ್ಕೆ ಬ್ಯಾಟರಿಯೇ ಇಲ್ಲ, ಮೋಸ” ಎಂದು ತೀರ್ಪು ಕೊಟ್ಟು ಕವಳದ ಹರಿವಾಣಕ್ಕೆ ಕೈ ಹಾಕುತ್ತಾರೆ.

ಬ್ಯಾಟರಿ ತೆಗೆದು ಹಾಕುವ ಆ ಸುಖವನ್ನು ಕಂಪನಿಯವರು ಪೂರ್ತಿ ಕಸಿದುಕೊಂಡಿಲ್ಲ, ಬಟನ್ನಿನೊಳಗೆ ಅಡಗಿಸಿಟ್ಟಿದ್ದಾರೆ. ಪರದೆ ಕಪ್ಪಾಗಿ ಹ್ಯಾಂಗ್ ಆದ ಫೋನಿಗೆ ಒತ್ತಿ ಹಿಡಿಯುವ ಮದ್ದು ಉಂಟು. ಸ್ಯಾಮ್‌ಸಂಗ್‌ನವಕ್ಕೆ ಪವರ್ ಬಟನ್ನು, ವಾಲ್ಯೂಮ್ ಇಳಿಸುವ ಬಟನ್ನು ಎರಡನ್ನೂ ಒಟ್ಟಿಗೆ ಏಳೆಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬೇಕು. ಪಿಕ್ಸೆಲ್ ಆದರೆ ಪವರ್ ಬಟನ್ನನ್ನೇ ಅರ್ಧ ನಿಮಿಷ. ಐಫೋನ್ 8 ಮತ್ತು ಅದರ ನಂತರದವುಗಳಿಗೆ ವಾಲ್ಯೂಮ್ ಏರಿಸುವುದನ್ನು ಒಮ್ಮೆ ಒತ್ತಿ ಬಿಡು, ಇಳಿಸುವುದನ್ನು ಒಮ್ಮೆ ಒತ್ತಿ ಬಿಡು, ಆಮೇಲೆ ಪಕ್ಕದ್ದನ್ನು ಸೇಬು ಕಾಣುವವರೆಗೆ ಬಿಡಬೇಡ. ಕೇಳುವುದಕ್ಕೆ ಸುಲಭ. ಹಿಡಿಯುವವರು ಯಾರು? ನಮ್ಮ ಭಾವನನ್ನೇ ನೋಡಿ. ಎರಡು ಸೆಕೆಂಡು ಹಿಡಿದು “ಇಲ್ಲ, ಇದು ಕೆಲಸ ಮಾಡಲ್ಲ” ಎಂದು ಕೈ ಬಿಡುತ್ತಾರೆ. ಅರ್ಧ ನಿಮಿಷ ಎಂದರೆ ಎಷ್ಟು ಹೊತ್ತು ಎಂಬ ಲೆಕ್ಕವೇ ನಮಗೆ ತಪ್ಪಿದೆ.

ಕೈ ಬಿಟ್ಟವರು ಸುಮ್ಮನೆ ಕೂರುತ್ತಾರೆಯೇ? ಸಿಟ್ಟಿಗೆದ್ದು ಪವರ್ ಬಟನ್ನನ್ನು ಟಕಟಕ ಕುಟ್ಟುತ್ತಾರೆ. ಇದರಲ್ಲಿ ಒಂದು ಗಮ್ಮತ್ತಿದೆ. ಈಗಿನ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ನನ್ನು ಐದು ಬಾರಿ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುವ ಏರ್ಪಾಡಿರುತ್ತದೆ. ಫೋನು ಚೆನ್ನಾಗಿಯೇ ಇದ್ದು ಕೆಟ್ಟದ್ದು ಬರೀ ಡಿಸ್‌ಪ್ಲೇ ಆಗಿದ್ದರೆ, ಭಾವ ಇತ್ತ ಕಪ್ಪು ಗಾಜನ್ನು ಬೈಯುತ್ತಿರುವಾಗ ಅತ್ತ 112ರಲ್ಲಿ ಯಾರೋ ಕರೆ ಎತ್ತಿ ಮಲೆನಾಡಿನ ಅಷ್ಟೂ ಬೈಗುಳ ಕೇಳಿಸಿಕೊಳ್ಳುತ್ತಿರಬಹುದು.

ತಮಾಷೆಗೆ ಅಂದದ್ದಲ್ಲ. ‘ಸತ್ತಿದೆ’ ಎಂದು ಘೋಷಿಸಿದ ಫೋನುಗಳಲ್ಲಿ ಎಷ್ಟೋ ಸತ್ತಿರುವುದಿಲ್ಲ, ಮುಖ ತೋರಿಸುತ್ತಿರುವುದಿಲ್ಲ ಅಷ್ಟೇ. ಬೇರೆ ಫೋನಿನಿಂದ ಒಂದು ಕರೆ ಮಾಡಿದರೆ ಗೊತ್ತಾಗುತ್ತದೆ, ರಿಂಗಾದರೆ ಅಥವಾ ಗುರ್ ಎಂದರೆ ಒಳಗೆ ಎಲ್ಲ ಸರಿ ಇದೆ. ಹಳೆಯ ಎಲ್‌ಸಿಡಿ ಪರದೆಯಾದರೆ ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ಹಿಂದಿನ ದೀಪ ಮಾತ್ರ ಹೋಗಿದ್ದರೆ ಗಣಪತಿಯ ವಾಲ್‌ಪೇಪರು ಮಸುಕು ಮಸುಕಾಗಿ ಕಾಣುತ್ತದೆ. ಒಎಲ್‌ಇಡಿ ಪರದೆಗೆ ಹಿಂದೆ ದೀಪವೇ ಇಲ್ಲ, ಅಲ್ಲಿ ಈ ಉಪಾಯ ನಡೆಯದು. ಇದ್ಯಾವುದನ್ನೂ ಮಾಡದೆ ಫೋನನ್ನು ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟು ಮಲಗಿದ ಅತ್ತಿಗೆಗೆ ಬೆಳಗಿನ ಐದು ಗಂಟೆಗೆ ಕಪಾಟಿನೊಳಗಿಂದ ಸುಪ್ರಭಾತ ಕೇಳಿಸಿತು. ಅಲಾರಂ ನಿಲ್ಲಿಸೋಣವೆಂದರೆ ಒತ್ತಬೇಕಾದ ಜಾಗವೇ ಕಾಣುವುದಿಲ್ಲವಲ್ಲ!

ಇನ್ನು ಚಾರ್ಜರಿನ ವಿಚಾರ. ನಮ್ಮ ಮನೆಗಳಲ್ಲಿ ಚಾರ್ಜರು ಎಂಬುದು ಒಬ್ಬರ ಸೊತ್ತಲ್ಲ, ಅವಿಭಕ್ತ ಕುಟುಂಬದ ಆಸ್ತಿ. ಅಡಾಪ್ಟರು ತಮ್ಮನದು, ವೈರು ಅತ್ತಿಗೆಯ ತವರಿನದು, ಸಾಕೆಟ್ಟು ಸಡಿಲವಾಗಿರುವುದರಿಂದ ಕೆಳಗೆ ಒಂದು ಸ್ಟೀಲ್ ಡಬ್ಬಿಯ ಆಧಾರ. ವೈರನ್ನು ಎಡಕ್ಕೆ ಬಾಗಿಸಿ, ಮೇಲೆ ಪಂಚಾಂಗ ಇಟ್ಟರೆ ಚಾರ್ಜ್ ಆಗುತ್ತದೆ, ಪಂಚಾಂಗ ತೆಗೆದರೆ ಇಲ್ಲ. ಇಂಥ ಮನೆಯಲ್ಲಿ “ರಾತ್ರಿಯಿಡೀ ಚಾರ್ಜಿಗೆ ಇಟ್ಟಿದ್ದೆ” ಎಂಬ ಮಾತಿಗೆ ಏನು ಬೆಲೆ? ಏಕಾದಶಿ ನೋಡಲು ಅಮ್ಮ ಪಂಚಾಂಗ ಎತ್ತಿಕೊಂಡು ಹೋಗಿರುತ್ತಾರೆ. ಫೋನು ಕೆಟ್ಟಿತೆನ್ನುವ ಮೊದಲು ವೈರು ಬದಲಿಸಿ, ಅಡಾಪ್ಟರು ಬದಲಿಸಿ, ಸಾಕೆಟ್ಟು ಬದಲಿಸಿ. ಮೂರನ್ನೂ ಒಟ್ಟಿಗಲ್ಲ, ಒಂದೊಂದಾಗಿ. ಇಲ್ಲದಿದ್ದರೆ ತಪ್ಪು ಯಾರದೆಂದು ಗೊತ್ತಾಗದೆ ಜಗಳ ಅತ್ತಿಗೆಯ ತವರಿನವರೆಗೂ ಹೋಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಬರುತ್ತದೆ. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿತ್ತು, ಮೂರು ದಿನ ಕರೆಂಟಿಲ್ಲ, ಇನ್‌ವರ್ಟರೂ ಕಣ್ಣು ಮುಚ್ಚಿತು. ಕರೆಂಟು ಬಂದ ಕೂಡಲೇ ಫೋನನ್ನು ಸಿಕ್ಕಿಸುತ್ತಾರೆ. ಏನೂ ಇಲ್ಲ. ಬ್ಯಾಟರಿಯ ಚಿತ್ರವಿಲ್ಲ, ದೀಪವಿಲ್ಲ. “ಹೋಯ್ತು!” ಎಂದು ಎದೆ ಬಡಿದುಕೊಳ್ಳುವುದು ಇಲ್ಲೇ. ಹೋಗಿಲ್ಲ ಮಾರಾಯ್ರೆ. ಫೋನಿನ ಲಿಥಿಯಂ ಅಯಾನ್ ಬ್ಯಾಟರಿ ತುಂಬಿದಾಗ ಹೆಚ್ಚುಕಡಿಮೆ 4.2 ವೋಲ್ಟು ಇರುತ್ತದೆ. ಅದು ಮೂರು ಮೂರೂವರೆ ವೋಲ್ಟಿಗೆ ಇಳಿಯುತ್ತಿದ್ದಂತೆ ಸೊನ್ನೆ ಪರ್ಸೆಂಟ್ ಎಂದು ಫೋನು ತಾನಾಗಿ ಆಫ್ ಆಗುತ್ತದೆ. ಸೊನ್ನೆ ಎಂದರೆ ಪೂರ್ತಿ ಬರಿದಾಯಿತೆಂದಲ್ಲ. ಹಾಗೇ ಬಿಟ್ಟರೆ ಇನ್ನಷ್ಟು ಇಳಿಯುತ್ತದೆ. ಅಷ್ಟು ಇಳಿದ ಬ್ಯಾಟರಿಗೆ ಒಮ್ಮೆಲೇ ಕರೆಂಟು ಸುರಿದರೆ ಅದಕ್ಕೆ ಹಾನಿ. ಆದ್ದರಿಂದ ಒಳಗಿನ ಚಾರ್ಜಿಂಗ್ ಐಸಿ, ಉಪವಾಸ ಮುರಿಯುವವರಿಗೆ ಮೊದಲು ಗಂಜಿತಿಳಿ ಕೊಡುವ ಹಾಗೆ, ಚೂರು ಚೂರೇ ಕೊಡುತ್ತದೆ. ನಿಮ್ಮದು ಎಂಬತ್ತು ವ್ಯಾಟಿನ ಫಾಸ್ಟ್ ಚಾರ್ಜರ್ ಇರಲಿ, ಆ ಹೊತ್ತಿನಲ್ಲಿ ಅದರ ಜಂಭ ನಡೆಯುವುದಿಲ್ಲ. ಪರದೆ ಬೆಳಗಿಸುವಷ್ಟು ಶಕ್ತಿ ಬರಲು ಕಾಲು ಗಂಟೆ, ಅರ್ಧ ಗಂಟೆ ಬೇಕು. ಆಪಲ್‌ನವರಂತೂ ಒಂದು ಗಂಟೆಯವರೆಗೆ ಕಾಯಿರಿ ಅನ್ನುತ್ತಾರೆ.

ಕಾಯುವುದು! ಅದೊಂದನ್ನು ಬಿಟ್ಟು ಬೇರೇನು ಬೇಕಾದರೂ ಹೇಳಿ, ಮಾಡುತ್ತೇವೆ. ಎರಡು ನಿಮಿಷಕ್ಕೊಮ್ಮೆ ಭಾವ ಬಂದು ವೈರು ಕೀಳುತ್ತಾರೆ, ಪವರ್ ಬಟನ್ ಒತ್ತುತ್ತಾರೆ, ಆ ಬಡಪಾಯಿ ಫೋನು ಎರಡು ನಿಮಿಷ ಕೂಡಿಟ್ಟದ್ದನ್ನೆಲ್ಲ ಏಳುವ ಪ್ರಯತ್ನದಲ್ಲೇ ಖರ್ಚು ಮಾಡಿ ಮತ್ತೆ ಬೀಳುತ್ತದೆ. ಅವರು ಚಹಾ ಕುಡಿಯಲು ಹೋದಾಗ ಅಪ್ಪ ಬಂದು ಅದನ್ನೇ ಮಾಡುತ್ತಾರೆ. ಹೀಗೆ ಇಡೀ ಸಂಜೆ ಫೋನು ಚಾರ್ಜಿನಲ್ಲೇ ಇರುತ್ತದೆ, ಚಾರ್ಜ್ ಮಾತ್ರ ಆಗಿರುವುದಿಲ್ಲ. ಈ ಬ್ಯಾಟರಿಯ ಮುಖ್ಯವಾದ ಒಂದು ಭಾಗವನ್ನು, ಕೋಬಾಲ್ಟ್ ಆಕ್ಸೈಡಿನದ್ದನ್ನು, 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ರೂಪಿಸಿದವರು ಜಾನ್ ಗುಡ್‌ಇನಫ್. ಸೋನಿ ಕಂಪನಿ ಮೊದಲ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಗುಡ್‌ಇನಫ್ ಅವರಿಗೆ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಜೊತೆ ನೊಬೆಲ್ ಬಂದದ್ದು 2019ರಲ್ಲಿ, ಅವರಿಗೆ 97 ತುಂಬಿದ್ದಾಗ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಆ ಮನುಷ್ಯ 39 ವರ್ಷ ತಾಳ್ಮೆಯಿಂದ ಕೂತರು. ಭಾವನಿಗೆ ಮಾತ್ರ ಅವರ ಬ್ಯಾಟರಿಗಾಗಿ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಕೂರಲಾಗುವುದಿಲ್ಲ.

ಸುಮ್ಮನಿರಲಾಗದ ಇನ್ನೊಂದು ಕೈ ಅತ್ತಿಗೆಯದು. ಅವರ ಕಣ್ಣು ಚಾರ್ಜಿಂಗ್ ತೂತಿನ ಮೇಲೆ. ಈ ವಿಷಯದಲ್ಲಿ ಅವರ ಅನುಮಾನ ಸರಿ, ಆಯುಧ ಮಾತ್ರ ತಪ್ಪು. ಅಂಗಿಯ ಜೇಬಿನಲ್ಲಿ ಫೋನಿನ ಜೊತೆ ಏನೆಲ್ಲ ಸಂಸಾರ ಹೂಡಿರುತ್ತದೆ ನೋಡಿ: ಅಡಿಕೆ ಚೂರು, ತಂಬಾಕಿನ ಪುಡಿ, ಬಸ್ ಟಿಕೆಟ್ಟಿನ ಚೂರು, ಬಟ್ಟೆಯ ಜುಂಗು. ಇವೆಲ್ಲ ಆ ತೂತಿಗೆ ಇಳಿಯುತ್ತವೆ. ಪ್ರತಿದಿನ ವೈರು ಚುಚ್ಚುವಾಗ ನಾವೇ ಅದನ್ನು ಒತ್ತಿ ಒತ್ತಿ ಗಟ್ಟಿ ಮಾಡುತ್ತೇವೆ. ಕೊನೆಗೊಂದು ದಿನ ಪಿನ್ನು ಪೂರ್ತಿ ಒಳಗೆ ಹೋಗದೆ ಅರ್ಧಕ್ಕೆ ನಿಲ್ಲುತ್ತದೆ, ನಾವು ಬ್ಯಾಟರಿ ಹೋಯಿತು ಎನ್ನುತ್ತೇವೆ. ಫೋನು ಆಫ್ ಇರುವಾಗ ಮರದ ಹಲ್ಲುಕಡ್ಡಿಯಲ್ಲಿ ನಿಧಾನವಾಗಿ ಕೆದಕಿದರೆ ಒಂದು ಹತ್ತಿ ಉಂಡೆ ಹೊರಗೆ ಬರುತ್ತದೆ, ಫೋನು ಬದುಕುತ್ತದೆ. ಆದರೆ ಅತ್ತಿಗೆ ತಲೆಯಿಂದ ಹೇರ್‌ಪಿನ್ನನ್ನೇ ಎಳೆಯುತ್ತಾರೆ. ಟೈಪ್-ಸಿ ತೂತಿನ ನಡುವೆ ತೆಳ್ಳಗೊಂದು ನಾಲಿಗೆ ಇದೆ, ಅದರ ಎರಡೂ ಮಗ್ಗುಲಿಗೆ ಹನ್ನೆರಡು ಹನ್ನೆರಡರಂತೆ ಇಪ್ಪತ್ತನಾಲ್ಕು ಕೂದಲೆಳೆಯಂಥ ತಗಡುಗಳು. ಲೋಹದ ಪಿನ್ನು ಅಲ್ಲಿ ಆಡಿದರೆ ನಾಲಿಗೆ ಮುರಿಯುತ್ತದೆ, ಇಲ್ಲವೇ ಎರಡು ತಗಡು ಒಂದಕ್ಕೊಂದು ತಾಗುತ್ತವೆ. ಅಷ್ಟರಲ್ಲಿ ದೊಡ್ಡಪ್ಪ “ಇಲ್ಲಿ ಕೊಡು, ನಾನು ಊದ್ತೆ” ಎನ್ನುತ್ತಾರೆ. ಬಾಯಿತುಂಬ ಕವಳ ಇಟ್ಟುಕೊಂಡು! ಊದಿದ ಮೇಲೆ ಆ ತೂತು ಕೆಂಪಾಗಿರುವುದನ್ನು ಕಂಡು ಚಾರ್ಜಿಂಗ್ ಲೈಟು ಬಂತೆಂದು ಮಕ್ಕಳು ಕುಣಿಯುತ್ತಾರೆ.

ನೀರಿಗೆ ಬಿದ್ದ ಫೋನಿನ ಕಥೆಗೆ ಬರುವ. ಹಳ್ಳ, ಕೆರೆ, ತೋಟದ ಕಾದಿಗೆ, ಬಚ್ಚಲ ಹಂಡೆ, ಇವುಗಳ ಪೈಕಿ ಯಾವುದರಲ್ಲಿ ಬಿತ್ತು ಎಂಬುದರ ಮೇಲೆ ಮರ್ಯಾದೆ ನಿಂತಿರುವುದರಿಂದ ನಿಜ ಯಾರೂ ಹೇಳುವುದಿಲ್ಲ. ಎಲ್ಲಿ ಬಿದ್ದರೂ ಎಲ್ಲರ ಬಾಯಲ್ಲೂ ಒಂದೇ ಸಲಹೆ: ಅಕ್ಕಿ ಡಬ್ಬದಲ್ಲಿ ಹುಗಿ. ಕುಚ್ಚಲಕ್ಕಿಯೋ ಬೆಳ್ತಿಗೆಯೋ ಎಂಬ ಬಗ್ಗೆ ಮಾತ್ರ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಮ್ಮತವಿಲ್ಲ. 2024ರ ಆರಂಭದಲ್ಲಿ ಆಪಲ್‌ನವರು ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅದರ ಸಣ್ಣ ಕಣಗಳು ಒಳಗೆ ಸೇರಿ ಹಾಳು ಮಾಡಬಹುದು ಎಂದು ಬರೆದೇ ಹೇಳಿದರು. ಒಳಗಿನ ನೀರನ್ನು ಹೊರಗಿನ ಅಕ್ಕಿ ಎಳೆದುಕೊಳ್ಳುವುದು ಅಷ್ಟಕ್ಕಷ್ಟೇ. ಫೋನನ್ನು ಕೆಡಿಸುವುದು ಬರೀ ನೀರಲ್ಲ. ನೀರಿನಲ್ಲಿ ಕರಗಿದ ಉಪ್ಪು, ಸೋಪು, ಅದರ ಮೂಲಕ ಹರಿಯುವ ಕರೆಂಟು, ಇವು ಸೇರಿ ಬೋರ್ಡಿನ ತಾಮ್ರವನ್ನು ತಿನ್ನುತ್ತವೆ. ಆದ್ದರಿಂದ ಒದ್ದೆ ಫೋನನ್ನು ಮೊದಲು ಆಫ್ ಮಾಡಬೇಕು, ಆಮೇಲೆ ಆನ್ ಮಾಡಿ ನೋಡಬಾರದು, ಚಾರ್ಜಿಗೆ ಹಾಕಲೇಬಾರದು. ಒರೆಸಿ, ಸಿಮ್ಮಿನ ತಟ್ಟೆ ಹೊರಗೆಳೆದು, ಗಾಳಿಯಾಡುವಲ್ಲಿ ಇಟ್ಟು ಬಿಟ್ಟುಬಿಡಬೇಕು.

ಹಾಗಾದರೆ ಅಕ್ಕಿಯಲ್ಲಿಟ್ಟ ಎಷ್ಟೋ ಫೋನು ಎದ್ದು ಕೂತವಲ್ಲ, ಅದು ಹೇಗೆ ಎಂದು ಅಮ್ಮ ಕೇಳುತ್ತಾರೆ. ಅಮ್ಮನಿಗೆ ಎದುರಾಡುವ ಧೈರ್ಯ ನನಗಿಲ್ಲ, ನಿಮಗೆ ಹೇಳುತ್ತೇನೆ. ಅಕ್ಕಿ ಮಾಡಿದ ದೊಡ್ಡ ಉಪಕಾರವೆಂದರೆ ಎರಡು ದಿನ ಫೋನನ್ನು ನಮ್ಮ ಕೈಗೆ ಸಿಗದಂತೆ ಬಚ್ಚಿಟ್ಟದ್ದು. ಡಬ್ಬದ ಮುಚ್ಚಳ ತೆಗೆದರೆ ಅಮ್ಮ ಬೈಯುತ್ತಾರೆಂಬ ಹೆದರಿಕೆಯೇ ಅಲ್ಲಿ ಮದ್ದು.

ಅಕ್ಕಿಯ ಮೇಲೆ ನಂಬಿಕೆ ಇಲ್ಲದ ವಿಚಾರವಾದಿಗಳು ಫೋನನ್ನು ಹೇರ್‌ಡ್ರೈಯರಿಗೆ ಹಿಡಿಯುತ್ತಾರೆ, ಬಿಸಿಲಿಗಿಡುತ್ತಾರೆ. ಬಿಸಿಲಿಲ್ಲದ ಮಳೆಗಾಲದಲ್ಲಿ ಅಡಿಕೆ ಒಣಗಿಸುವ ಅಟ್ಟಕ್ಕೆ ಏರಿಸಿದವರನ್ನೂ ಬಲ್ಲೆ. ಕಾವು ಎಂದರೆ ಲಿಥಿಯಂ ಬ್ಯಾಟರಿಗೆ ಆಗದು. ಒಳಗೆ ಗ್ಯಾಸು ಕಟ್ಟಿ ಅದು ಉಬ್ಬಿತೆಂದರೆ ಬೆನ್ನಿನ ಗಾಜು ಎದ್ದು ನಿಲ್ಲುತ್ತದೆ. ಉಬ್ಬಿದ್ದನ್ನು ಒತ್ತಿ ಕೂರಿಸಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. 2016ರಲ್ಲಿ ಸ್ಯಾಮ್‌ಸಂಗಿನ ನೋಟ್ 7 ಬೆಂಕಿ ಹಿಡಿದು ಕಂಪನಿ ಅಷ್ಟನ್ನೂ ವಾಪಸು ತರಿಸಿಕೊಂಡದ್ದು ಇಂಥ ಬ್ಯಾಟರಿಯ ದೋಷದಿಂದಲೇ. “ನನ್ನದು ಐಪಿ 68, ನೀರಿಗೆ ಅಂಜಲ್ಲ” ಎನ್ನುವ ಕಾಲೇಜು ಹುಡುಗರಿಗೂ ಒಂದು ಮಾತು: ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ನಿಂತ ಸಿಹಿನೀರಿನಲ್ಲಿ, ಹೊಸ ಫೋನಿಗೆ. ಗೋಕರ್ಣದ ಸಮುದ್ರಕ್ಕೆ ಆ ಸರ್ಟಿಫಿಕೇಟು ಅನ್ವಯಿಸುವುದಿಲ್ಲ. ಐಫೋನಿನ ಸಿಮ್ ತಟ್ಟೆಯ ಬಿಲದೊಳಗೆ ಟಾರ್ಚು ಬಿಟ್ಟು ನೋಡಿದರೆ ಒಂದು ಬಿಳಿ ಚುಕ್ಕೆ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ನೀವು ದೇವರಾಣೆ ಹಾಕಿದರೂ ಅದು ನಿಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಫೋನು ಅರ್ಧ ಏಳುವುದೂ ಉಂಟು. ಕಂಪನಿಯ ಹೆಸರು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅಪ್‌ಡೇಟು ಅರ್ಧಕ್ಕೆ ನಿಂತಿರಬಹುದು, ಅಥವಾ ಶುಭೋದಯದ ಗುಲಾಬಿ ಹೂಗಳಿಂದ ಸ್ಟೋರೇಜು ತುಂಬಿ ಒಳಗೆ ಕಾಲಿಡಲೂ ಜಾಗವಿಲ್ಲದಿರಬಹುದು. ಇಲ್ಲಿಗೆ ಬರುವವನು ಎಂಟನೇ ಕ್ಲಾಸಿನ ಪೋರ. ಅವನು ಯೂಟ್ಯೂಬ್ ನೋಡಿಕೊಂಡು ರಿಕವರಿ ಮೋಡಿಗೆ ಹೋಗುತ್ತಾನೆ, ಅಲ್ಲಿರುವ ಇಂಗ್ಲಿಷ್ ಪಟ್ಟಿಯಲ್ಲಿ ಅವನ ಬೆರಳು ನೇರ ಫ್ಯಾಕ್ಟರಿ ರೀಸೆಟ್ಟಿಗೇ ಹೋಗುತ್ತದೆ. ಫೋನು ಸರಿಯಾಗುತ್ತದೆ. ಹತ್ತು ವರ್ಷದ ಫೋಟೋ ಹೋಗುತ್ತದೆ. ಹೀಗಾಗಿ ಆ ಪೋರನನ್ನು ಮೊದಲು ಗದ್ದೆಗೆ ಕಳಿಸಿ ಆಮೇಲೆ ಫೋನು ಮುಟ್ಟುವುದು ಒಳ್ಳೆಯದು.

ಎಲ್ಲ ಪ್ರಯೋಗ ಮುಗಿದ ಮೇಲೆ ಉಳಿಯುವುದು ಬಸ್ ಸ್ಟ್ಯಾಂಡಿನ ಪಕ್ಕದ ರಿಪೇರಿ ಅಂಗಡಿ. ಬೆಂಗಳೂರಿನವರಿಗೆ ಎಸ್.ಪಿ. ರೋಡು, ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟು ಇದ್ದ ಹಾಗೆ ನಮಗೆ ಈ ಆರಡಿ ಅಂಗಡಿ. ಒಳಗಿರುವ ಹುಡುಗ ಐಟಿಐ ಮುಗಿಸಿದವನು, ಮಾತು ಕಡಿಮೆ. ಭಾವ ಕರೆಂಟು ಹೋದಲ್ಲಿಂದ ಅಕ್ಕಿ ಡಬ್ಬದವರೆಗಿನ ಪುರಾಣ ಶುರು ಮಾಡುತ್ತಾರೆ, ನಡುನಡುವೆ ಬೇರೆಯವರ ತಪ್ಪುಗಳನ್ನಷ್ಟೇ ಎತ್ತಿ ಹೇಳುತ್ತಾರೆ. ಅವನು ಕೇಳಿಸಿಕೊಳ್ಳುವುದಿಲ್ಲ. ಬಿಸಿ ಮಾಡಿ ಬೆನ್ನು ಬಿಚ್ಚಿ, ಬ್ಯಾಟರಿ ಬದಿಗಿಟ್ಟು, ಬೋರ್ಡಿಗೆ ಡಿಸಿ ಪವರ್ ಸಪ್ಲೈ ಕೊಡುತ್ತಾನೆ. ಬಟನ್ ಒತ್ತುವ ಮೊದಲೇ ಆಂಪಿಯರ್ ಏರಿದರೆ “ಶಾರ್ಟ್ ಇದೆ”. ಒತ್ತಿದರೂ ಅಲುಗದಿದ್ದರೆ ಬಟನ್ನೋ ಪವರ್ ಐಸಿಯೋ ಹೋಗಿದೆ. ಒತ್ತಿದ ಮೇಲೆ ಏರಿ ಇಳಿದು ಕುಣಿದರೆ ಬೋರ್ಡು ಜೀವಂತ, ಕೆಟ್ಟದ್ದು ಡಿಸ್‌ಪ್ಲೇ, “ಕಾಂಬೋ ಹಾಕ್ಬೇಕು, ಒರಿಜಿನಲ್ಲಾ ಕಾಪಿಯಾ?” ಇಷ್ಟೇ ಅವನ ಶಾಸ್ತ್ರ. ಅಧಿಕೃತ ಸರ್ವಿಸ್ ಸೆಂಟರ್ ಒಂದರಲ್ಲಿ ಬೋರ್ಡೇ ಬದಲಿಸಿ ಎಂದು ಹೊಸ ಫೋನಿನಷ್ಟೇ ರೇಟು ಹೇಳಿಸಿಕೊಂಡು ಬಂದವರಿಗೆ ಇವನ ಮೇಲೆ ಭಕ್ತಿ ಹುಟ್ಟುವುದು ಸಹಜ. ಅಲ್ಲೇ ಪಕ್ಕದಲ್ಲಿ ಒಬ್ಬರು “ಫೋನು ಬೇಡ ತಮ್ಮಾ, ಮೊಮ್ಮಗಳ ಫೋಟೋ ತೆಗೆದುಕೊಡು ಸಾಕು” ಎಂದು ಕೂತಿರುತ್ತಾರೆ. ಈಗಿನ ಫೋನಿನಲ್ಲಿ ಎಲ್ಲವೂ ಎನ್‌ಕ್ರಿಪ್ಟ್ ಆಗಿರುವುದರಿಂದ ಮೆಮೊರಿ ಚಿಪ್ಪನ್ನು ಕಿತ್ತು ಕೊಟ್ಟರೂ ಪ್ರಯೋಜನವಿಲ್ಲ, ಬೋರ್ಡು ಏಳಬೇಕು, ಪಾಸ್‌ವರ್ಡೂ ನೆನಪಿರಬೇಕು. ಅವರಿಗೆ ಅದೂ ನೆನಪಿಲ್ಲ, ಮಗ ಅಮೆರಿಕದಿಂದ ಹಾಕಿಕೊಟ್ಟದ್ದು.

ಭಾವನ ಫೋನಿಗೆ ಬಂದರೆ, ಹುಡುಗ ಮೀಟರು ನೋಡಿದ, ಬ್ಯಾಟರಿ ಮತ್ತೆ ಸಿಕ್ಕಿಸಿದ, ತನ್ನ ಚಾರ್ಜರಿಗೆ ಹಾಕಿ ಕೌಂಟರಿನ ಆಚೆಗೆ, ಕೈಗೆಟುಕದಷ್ಟು ದೂರ ಇಟ್ಟ. “ಚಾ ಕುಡ್ಕಂಡು ಬನ್ನಿ.” ಭಾವ ಚಹಾ ಕುಡಿದು, ಬನ್ಸ್ ತಿಂದು, ಮತ್ತೊಂದು ಚಹಾ ಕುಡಿದು ಬಂದರು. ಫೋನು ಆನ್ ಆಗಿತ್ತು.

“ಎಂತ ಮಾಡಿದ್ಯಾ?”

“ಎಂತದೂ ಇಲ್ಲ ಅಣ್ಣ. ಐವತ್ತು ರೂಪಾಯಿ ಕೊಡಿ.”

“ಎಂತದೂ ಮಾಡದ್ದಕ್ಕೆ ಐವತ್ತಾ?”

“ಹೌದಣ್ಣ. ನಿಮ್ಮ ಮನೇಲಿ ಎಲ್ಲ ಮಾಡಿಯೂ ಆಗ್ಲಿಲ್ಲಲ್ಲ.”

ಭಾವನ ಜೇಬಿನಲ್ಲಿ ನೋಟಿಲ್ಲ. ಎರಡು ಪರ್ಸೆಂಟ್ ಚಾರ್ಜಿನ ಫೋನನ್ನು ವೈರಿನಿಂದ ಕಿತ್ತು ಸ್ಕ್ಯಾನರಿಗೆ ಹಿಡಿದರು. ಹುಡುಗ ಮತ್ತೆ ಕೈ ಚಾಚಿ ಅದನ್ನು ಇಸಿದುಕೊಂಡು ಚಾರ್ಜಿಗೆ ಹಾಕಿದ. “ಇನ್ನೊಂದು ಚಾ ಕುಡ್ಕಂಡು ಬನ್ನಿ ಅಣ್ಣ, ಆಮೇಲೆ ಸ್ಕ್ಯಾನ್ ಮಾಡುವ.”